ಹೆಜ್ಜೆಯ ಅಳತೆ: ಪ್ರೊ. ತಾತಾಚಾರ್ ಮತ್ತು ಕಲಿಯುವ ಯಂತ್ರಗಳ ಕುಶಲವಿದ್ಯೆ

ಭಾಲ್ಕಿಯ ಕಾಲೇಜಿಗೆ ಹೋಗಲು ಬೆಳಿಗ್ಗೆ ನೌಬಾದದಲ್ಲಿ ನಿಂತ ಹುಡುಗಿಯೊಬ್ಬಳಿಗೆ ಎರಡು ದಾರಿಗಳಿವೆ ಎಂದುಕೊಳ್ಳೋಣ. ಬೀದರದಿಂದ ಬರುವ ಸರ್ಕಾರಿ ಬಸ್ಸಿಗೆ ಕಾಯಬಹುದು, ಇಲ್ಲವೇ ಸೀಟು ತುಂಬಿದ ಮೇಲೆ ಹೊರಡುವ ಕ್ರೂಸರ್ ಹತ್ತಬಹುದು. ಯಾವುದು ಹೊತ್ತಿಗೆ ಸರಿಯಾಗಿ ಮುಟ್ಟಿಸುತ್ತದೆ ಎಂದು ಮೊದಲೇ ಹೇಳುವವರು ಯಾರೂ ಇಲ್ಲ. ಒಳ್ಳೆಯ ದಾರಿಯೂ ಕೆಲವು ದಿನ ಕೈಕೊಡುತ್ತದೆ, ಕೆಟ್ಟ ದಾರಿಯೂ ಕೆಲವು ದಿನ ಕೈಹಿಡಿಯುತ್ತದೆ. ಹಾಗಿದ್ದೂ ದಿನಾ ಒಂದನ್ನು ಆರಿಸಲೇಬೇಕು. ನಿನ್ನೆ ಆದದ್ದನ್ನು ಎಷ್ಟು ನಂಬಬೇಕು? ಒಂದು ಸಲ ತಡವಾದ ಮಾತ್ರಕ್ಕೆ ಬಸ್ಸನ್ನು ಬಿಟ್ಟುಬಿಡಬೇಕೆ?

ಕೃತಕ ಬುದ್ಧಿಮತ್ತೆಯಲ್ಲಿ ಪರಿಸರಕ್ಕೆ ಹೊಂದಿಕೊಳ್ಳುತ್ತ ಕಲಿಯುವ ಏಜೆಂಟ್ ಎಂದು ಕರೆಯುವುದು ಇಂಥ ಪ್ರಶ್ನೆಗೆ ಉತ್ತರ ಹುಡುಕುವ ಯಂತ್ರವನ್ನು. ಈ ಪ್ರಶ್ನೆಯನ್ನು ಹಿಡಿದು, ಹಂತ ಹಂತವಾಗಿ ಬಿಡಿಸಿ, ಬಿಡಿಸಿದ್ದನ್ನು ಗಣಿತದಿಂದ ಸಾಧಿಸಿ ತೋರಿಸುತ್ತ ಹಲವು ದಶಕ ದುಡಿದ ವಿದ್ವಾಂಸರೊಬ್ಬರು ನಮ್ಮ ರಾಜ್ಯದವರು: ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದ ಎಂ.ಎ.ಎಲ್. ತಾತಾಚಾರ್. ಬೀದರ, ಭಾಲ್ಕಿಗಳ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದುತ್ತಿರುವ, ಔರಾದಿನ ಹಳ್ಳಿಗಳಿಂದ ಅಲ್ಲಿಗೆ ಬರುವ ಮಕ್ಕಳಿಗೆ ಅವರ ಕೆಲಸದ ಪರಿಚಯ ಆಗಲೇಬೇಕು ಎಂಬುದು ನನ್ನ ಆಸೆ. ಕೃತಕ ಬುದ್ಧಿಮತ್ತೆ ಎಂದರೆ ದೂರದ ದೇಶಗಳಲ್ಲಿ, ದೊಡ್ಡ ದೊಡ್ಡ ಕಂಪನಿಗಳಲ್ಲಿ ಮಾತ್ರ ಹುಟ್ಟುವ ವಸ್ತು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಅದರ ಒಂದು ಗಟ್ಟಿ ಬುನಾದಿಯನ್ನು ಕಾಗದ ಪೆನ್ಸಿಲ್ಲಿನಲ್ಲಿ ಕಟ್ಟಿದ ಜಾಗಗಳಲ್ಲಿ ಬೆಂಗಳೂರೂ ಒಂದು.

ತಾತಾಚಾರ್ ಹುಟ್ಟಿದ್ದು 1939ರಲ್ಲಿ, ಮೈಸೂರಿನಲ್ಲಿ. 1959ರಲ್ಲಿ ಮೈಸೂರು ವಿಶ್ವವಿದ್ಯಾಲಯದಿಂದ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪದವಿ, 1961ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಸ್ನಾತಕೋತ್ತರ ಪದವಿ ಪಡೆದರು. ಮದರಾಸಿನ ಐಐಟಿಯಲ್ಲಿ ಮೂರು ವರ್ಷ ಪಾಠ ಹೇಳಿ, 1964ರಲ್ಲಿ ವಿಜ್ಞಾನ ಸಂಸ್ಥೆಗೇ ಮರಳಿದರು. 1968ರಲ್ಲಿ ಅಲ್ಲಿಯೇ ನಿಯಂತ್ರಣ ವ್ಯವಸ್ಥೆಗಳ ವಿಷಯದಲ್ಲಿ ಪಿಎಚ್.ಡಿ. ಆಯಿತು. ಯಂತ್ರವೊಂದು ಹದ ತಪ್ಪದಂತೆ, ಅಂಕೆ ಮೀರದಂತೆ ನೋಡಿಕೊಳ್ಳುವ ಶಾಸ್ತ್ರ ಅದು. ಆ ಶಿಸ್ತಿನಲ್ಲಿ ಪಳಗಿದವರು ಯಾವ ಹೊಸ ವಿಧಾನವನ್ನು ಕಂಡರೂ ಮೊದಲು ಕೇಳುವುದು, ಇದು ಕೊನೆಗೆ ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು. ಕಲಿಯುವ ಯಂತ್ರಗಳ ಕಡೆಗೆ ತಿರುಗಿದಾಗ ತಾತಾಚಾರ್ ಈ ಪ್ರಶ್ನೆಯನ್ನು ಜೊತೆಗೇ ಒಯ್ದರು.

ಅವರಿಗಿಂತ ಮುಂಚೆ ಈ ಹೊಲವನ್ನು ಉತ್ತವರು ಇದ್ದರು. ಅಮೆರಿಕದ ಬುಷ್ ಮತ್ತು ಮೋಸ್ಟೆಲ್ಲರ್ 1955ರಲ್ಲಿ ಪ್ರಾಣಿಗಳ ಮತ್ತು ಮನುಷ್ಯರ ಕಲಿಕೆಯನ್ನು ಸಂಭವನೀಯತೆಯ ಲೆಕ್ಕದಲ್ಲಿ ಬರೆದು ಪುಸ್ತಕ ತಂದಿದ್ದರು. 1960ರ ದಶಕದ ಆರಂಭದಲ್ಲಿ ಸೋವಿಯತ್ ಗಣಿತಜ್ಞ ಮಿಖಾಯಿಲ್ ಟ್ಸೆಟ್ಲಿನ್ ಬಹಳ ಸರಳವಾದ ಯಂತ್ರವೊಂದನ್ನು ಕಲ್ಪಿಸಿದರು. ಗೆದ್ದಾಗಲೆಲ್ಲ ಅದು ತನ್ನ ಆಯ್ಕೆಯಲ್ಲಿ ಒಂದು ಮನೆ ಒಳಕ್ಕೆ ಸರಿಯುತ್ತದೆ, ಸೋತಾಗ ಒಂದು ಮನೆ ಹೊರಕ್ಕೆ ಬರುತ್ತದೆ. ಗಡಿಗೆ ಬಂದು ನಿಂತಾಗ ಮತ್ತೆ ಸೋತರೆ ಮಾತ್ರ ಆಯ್ಕೆ ಬದಲಿಸುತ್ತದೆ. ಇಷ್ಟೇ ಸರಕಿನಿಂದ ಯಂತ್ರ ಕಲಿಯಬಲ್ಲದು ಎಂದು ಟ್ಸೆಟ್ಲಿನ್ ತೋರಿಸಿಕೊಟ್ಟರು. 1963ರಲ್ಲಿ ವರ್ಷಾವ್‌ಸ್ಕಿ ಮತ್ತು ವೊರೊಂಟ್ಸೋವಾ ಇನ್ನೊಂದು ದಾರಿ ತೆರೆದರು. ಅದರಲ್ಲಿ ಯಂತ್ರ ತನ್ನ ಆಯ್ಕೆಗಳ ಸಂಭವನೀಯತೆಯನ್ನೇ ಸ್ವಲ್ಪ ಸ್ವಲ್ಪ ತಿದ್ದಿಕೊಳ್ಳುತ್ತ ಹೋಗುತ್ತದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಕುಂಪಟಿ ನರೇಂದ್ರ ಈ ದಾರಿ ಹಿಡಿದಿದ್ದರು. ನರೇಂದ್ರ ಮತ್ತು ತಾತಾಚಾರ್ ಕೂಡಿ 1974ರಲ್ಲಿ ಬರೆದ ಸಮೀಕ್ಷಾ ಲೇಖನ ಚೆಲ್ಲಾಪಿಲ್ಲಿಯಾಗಿದ್ದ ಫಲಿತಾಂಶಗಳನ್ನು ಒಂದು ಕಟ್ಟಿಗೆ ತಂದು, ಲರ್ನಿಂಗ್ ಆಟೊಮೇಟಾ ಎಂಬ ವಿಷಯಕ್ಕೆ ಸ್ಪಷ್ಟ ರೂಪ ಕೊಟ್ಟಿತು. 1989ರಲ್ಲಿ ಇಬ್ಬರೂ ಸೇರಿ ತಂದ ಪುಸ್ತಕ ಈ ವಿಷಯದ ಪಠ್ಯವಾಗಿ ನಿಂತಿತು.

ಈಗ ಕುಶಲವಿದ್ಯೆಯನ್ನು ಹತ್ತಿರದಿಂದ ನೋಡೋಣ. ನಮ್ಮ ಹುಡುಗಿಯ ಜಾಗದಲ್ಲಿ ಯಂತ್ರವನ್ನು ಇಡೋಣ. ಅದರ ಬಳಿ ನೂರು ಚೀಟಿಗಳ ಡಬ್ಬಿಯೊಂದಿದೆ ಎಂದು ಭಾವಿಸಿ. ಮೊದಲ ದಿನ ಐವತ್ತರ ಮೇಲೆ ಬಸ್ಸು, ಐವತ್ತರ ಮೇಲೆ ಕ್ರೂಸರ್ ಎಂದು ಬರೆದಿದೆ. ಯಂತ್ರ ಒಂದು ಚೀಟಿ ಎತ್ತಿ, ಅದರಲ್ಲಿ ಬಂದ ವಾಹನ ಹತ್ತುತ್ತದೆ. ಹೊತ್ತಿಗೆ ಮುಟ್ಟಿದರೆ ಬಹುಮಾನ, ತಡವಾದರೆ ದಂಡ. ಅದಕ್ಕೆ ಸಿಗುವ ಸುದ್ದಿ ಇಷ್ಟೇ. ಬಸ್ಸು ನೂರಕ್ಕೆ ಎಂಬತ್ತು ದಿನ, ಕ್ರೂಸರ್ ನೂರಕ್ಕೆ ಐವತ್ತು ದಿನ ಹೊತ್ತಿಗೆ ಮುಟ್ಟಿಸುತ್ತವೆ ಎಂಬ ಸತ್ಯ ನಮಗೆ ಗೊತ್ತು, ಯಂತ್ರಕ್ಕೆ ಗೊತ್ತಿಲ್ಲ.

ಬಹುಮಾನ ಬಂದಾಗ ಮಾತ್ರ ಚೀಟಿಗಳನ್ನು ತಿದ್ದು, ದಂಡ ಬಂದಾಗ ಸುಮ್ಮನಿರು ಎಂಬುದು ಈ ಶಾಸ್ತ್ರದ ಅತ್ಯಂತ ಹೆಸರಾದ ನಿಯಮ. ತಿದ್ದುವ ಬಗೆ ಹೀಗೆ: ಗೆದ್ದ ಆಯ್ಕೆಗೆ ಎದುರಾಳಿಯ ಚೀಟಿಗಳಲ್ಲಿ ಹತ್ತನೇ ಒಂದು ಭಾಗವನ್ನು ಕೊಡು. ಈ ಭಾಗವೇ ಯಂತ್ರದ ಹೆಜ್ಜೆಯ ಅಳತೆ. ಸೋಮವಾರ ಬಸ್ಸು ಹತ್ತಿ ಹೊತ್ತಿಗೆ ಮುಟ್ಟಿದರೆ ಬಸ್ಸಿನ ಚೀಟಿ 55, ಕ್ರೂಸರಿನದು 45. ಮಂಗಳವಾರ ಮತ್ತೆ ಬಸ್ಸು, ಆದರೆ ತಡ. ಯಂತ್ರ ಏನನ್ನೂ ಬದಲಿಸುವುದಿಲ್ಲ. ಬುಧವಾರ ಚೀಟಿಯಲ್ಲಿ ಕ್ರೂಸರ್ ಬಂತು, ಹೊತ್ತಿಗೂ ಮುಟ್ಟಿತು. ಬಸ್ಸಿನ 55ರಲ್ಲಿ ಹತ್ತನೇ ಒಂದು ಭಾಗ, ಅಂದರೆ 5.5, ಕ್ರೂಸರಿಗೆ ಹೋಯಿತು: ಕ್ರೂಸರ್ 50.5, ಬಸ್ಸು 49.5. ಮೂರು ದಿನ ಕಳೆದರೂ ಹೆಚ್ಚುಕಡಿಮೆ ಹೊರಟಲ್ಲಿಗೇ ಬಂದಂತಾಯಿತು.

ಹೀಗಿದ್ದೂ ಇದು ಕಲಿಯುತ್ತದೆ ಎನ್ನುವುದು ಹೇಗೆ? ಲೆಕ್ಕ ಹಾಕಿದರೆ ಒಂದು ಚೆಂದದ ಸೂತ್ರ ಸಿಗುತ್ತದೆ. ಒಂದು ದಿನದಲ್ಲಿ ಬಸ್ಸಿನ ಸಂಭವನೀಯತೆ ಸರಾಸರಿ ಎಷ್ಟು ಏರುತ್ತದೆ ಎಂಬುದು ನಾಲ್ಕು ಸಂಖ್ಯೆಗಳ ಗುಣಲಬ್ಧ: ಹೆಜ್ಜೆಯ ಅಳತೆ, ಬಸ್ಸಿನ ಈಗಿನ ಸಂಭವನೀಯತೆ, ಕ್ರೂಸರಿನ ಈಗಿನ ಸಂಭವನೀಯತೆ, ಮತ್ತು ಅವೆರಡರ ಯಶಸ್ಸಿನ ನಡುವಿನ ಅಂತರ. ನಮ್ಮ ಉದಾಹರಣೆಯಲ್ಲಿ ಮೊದಲ ದಿನ ಅದು 0.1, 0.5, 0.5 ಮತ್ತು 0.3ರ ಗುಣಲಬ್ಧ, ಅಂದರೆ 0.0075. ನೂರು ಚೀಟಿಯಲ್ಲಿ ಮುಕ್ಕಾಲು ಚೀಟಿ. ಏರಿಕೆ ಸಣ್ಣದೇ, ಆದರೆ ಅದು ಯಾವಾಗಲೂ ಒಳ್ಳೆಯ ಆಯ್ಕೆಯ ಕಡೆಗೇ ಇರುತ್ತದೆ. ಎರಡರಲ್ಲಿ ಯಾವುದು ಒಳ್ಳೆಯದು ಎಂದು ಗೊತ್ತಿಲ್ಲದ ಯಂತ್ರ, ಸರಾಸರಿಯಲ್ಲಿ ದಿನದಿನವೂ ಒಳ್ಳೆಯದರ ಕಡೆಗೆ ವಾಲುತ್ತಿರುತ್ತದೆ. ಈ ಸೂತ್ರವನ್ನು ಕೈಯಾರೆ ಬಿಡಿಸಿ ನೋಡಿದವರಿಗೆ ಆಗುವ ಆನಂದ ದೊಡ್ಡದು.

ಇಲ್ಲಿಂದ ಮುಂದೆ ಪಳಗಿದ ಕೈ ಬೇಕಾಗುತ್ತದೆ. ಹೆಜ್ಜೆಯನ್ನು ದೊಡ್ಡದು ಮಾಡಿದರೆ ಕಲಿಕೆ ಬೇಗ ಆಗುವುದಿಲ್ಲವೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಹತ್ತನೇ ಒಂದರ ಬದಲು ಅರ್ಧದಷ್ಟು ಚೀಟಿ ಕೊಡುತ್ತ ಹೋದೆವು ಎನ್ನಿ. ಮೊದಲ ಮೂರು ದಿನವೂ ಚೀಟಿಯಲ್ಲಿ ಕ್ರೂಸರೇ ಬಂದು, ಮೂರು ದಿನವೂ ಅದು ಹೊತ್ತಿಗೆ ಮುಟ್ಟಿಬಿಟ್ಟರೆ ಅದರ ಚೀಟಿ 50ರಿಂದ 75ಕ್ಕೆ, ಅಲ್ಲಿಂದ 87.5ಕ್ಕೆ, ಅಲ್ಲಿಂದ ಸುಮಾರು 94ಕ್ಕೆ ಏರುತ್ತದೆ. ಬಸ್ಸಿನ ಚೀಟಿ ಆರೇ ಉಳಿಯಿತು. ಇನ್ನು ಬಸ್ಸನ್ನು ಪರೀಕ್ಷಿಸುವ ಸಂದರ್ಭವೇ ಅಪರೂಪ. ಹೀಗಾಗುವ ಸಂಭವ ನೂರಕ್ಕೆ ನಾಲ್ಕು, ಕಡೆಗಣಿಸುವಷ್ಟು ಕಡಿಮೆಯೇನಲ್ಲ. ಹೆಜ್ಜೆ ಹತ್ತನೇ ಒಂದೇ ಆಗಿದ್ದರೆ, ಅದೇ ಮೂರು ದಿನಗಳ ಅದೃಷ್ಟದ ನಂತರವೂ ಬಸ್ಸಿಗೆ 36 ಚೀಟಿ ಉಳಿದಿರುತ್ತಿದ್ದವು, ಸತ್ಯ ಹೊರಬರಲು ಎಡೆ ಇರುತ್ತಿತ್ತು. ಹೆಜ್ಜೆ ಎಷ್ಟು ಸಣ್ಣದೋ, ತಪ್ಪು ಆಯ್ಕೆಗೆ ಶಾಶ್ವತವಾಗಿ ಅಂಟಿಕೊಳ್ಳುವ ಅಪಾಯ ಅಷ್ಟು ಕಡಿಮೆ. ಬೇಕಾದಷ್ಟು ಸಣ್ಣ ಹೆಜ್ಜೆ ಇಟ್ಟರೆ ಆ ಅಪಾಯವನ್ನು ಬೇಕಾದಷ್ಟು ಕಡಿಮೆ ಮಾಡಬಹುದು ಎಂಬುದಕ್ಕೆ ಸಾಧನೆ ಇದೆ. ಅದಕ್ಕೆ ತೆರಬೇಕಾದ ಬೆಲೆ ಸಮಯ.

ದಂಡ ಬಂದಾಗ ಸುಮ್ಮನಿರುವ ಬದಲು ಅಷ್ಟೇ ಅಳತೆಯಲ್ಲಿ ಚೀಟಿ ಕಿತ್ತುಕೊಂಡರೆ? ಆಗ ಯಂತ್ರ ಎಂದೂ ಒಂದಕ್ಕೇ ಅಂಟಿಕೊಳ್ಳುವುದಿಲ್ಲ. ಆದರೆ ಪೂರ್ತಿ ಕಲಿಯುವುದೂ ಇಲ್ಲ. ನಮ್ಮ ಬಸ್ಸು ಮತ್ತು ಕ್ರೂಸರಿನ ಲೆಕ್ಕದಲ್ಲಿ ಅದು ಸರಾಸರಿ 71 ಚೀಟಿಯ ಸುತ್ತಮುತ್ತ ಓಲಾಡುತ್ತ ಉಳಿಯುತ್ತದೆ. ಬಸ್ಸು ಒಳ್ಳೆಯದು ಎಂದು ಕಂಡುಕೊಂಡಿದ್ದರೂ ನೂರಕ್ಕೆ 29 ದಿನ ಕ್ರೂಸರ್ ಹತ್ತುತ್ತಲೇ ಇರುತ್ತದೆ. ಇವೆರಡರ ನಡುವೆ ಒಂದು ಹದವಿದೆ: ಬಹುಮಾನಕ್ಕೆ ತಕ್ಕಮಟ್ಟಿನ ಹೆಜ್ಜೆ, ದಂಡಕ್ಕೆ ಅದಕ್ಕಿಂತ ಬಹಳ ಸಣ್ಣ ಹೆಜ್ಜೆ. ಹಾಗೆ ಮಾಡಿದರೆ ಯಂತ್ರ ಒಳ್ಳೆಯದರ ಹತ್ತಿರ ಹೋಗಿ ನೆಲೆಸುತ್ತದೆ, ನಾಳೆ ಪರಿಸ್ಥಿತಿ ಬದಲಾದರೆ ಹೊರಬರಲು ಬಾಗಿಲನ್ನೂ ತೆರೆದಿಟ್ಟುಕೊಳ್ಳುತ್ತದೆ.

ಇಂಥ ನಿಯಮಗಳನ್ನು ಒಂದೊಂದಾಗಿ ಹೊಸೆದು, ಕಂಪ್ಯೂಟರಿನಲ್ಲಿ ಓಡಿಸಿ ನೋಡಿ ತೃಪ್ತಿಪಡುವವರು ಯಾವ ಕಾಲದಲ್ಲೂ ಇರುತ್ತಾರೆ. ತಾತಾಚಾರ್ ಹಿಡಿದ ಹಾದಿ ಬೇರೆ. 1973ರಲ್ಲಿ ತಮ್ಮ ವಿದ್ಯಾರ್ಥಿ ಎಸ್. ಲಕ್ಷ್ಮೀವರಾಹನ್ ಜೊತೆಗೆ ಅವರು ಒಂದು ದೊಡ್ಡ ಪ್ರಶ್ನೆ ಎತ್ತಿಕೊಂಡರು. ಪರಿಸರ ಯಾವುದೇ ಇರಲಿ, ಸರಾಸರಿಯಲ್ಲಿ ಪ್ರತಿ ಹೆಜ್ಜೆಗೂ ಸುಧಾರಿಸುತ್ತಲೇ ಹೋಗಬೇಕಾದರೆ ಕಲಿಕೆಯ ನಿಯಮ ಹೇಗಿರಬೇಕು? ಇದಕ್ಕೆ ಅವರು ಕೊಟ್ಟ ಉತ್ತರ ಒಂದು ನಿಯಮವಲ್ಲ, ನಿಯಮಗಳ ಇಡೀ ಕುಲದ ಲಕ್ಷಣ. ಈ ಷರತ್ತುಗಳಿದ್ದರೆ ಸುಧಾರಣೆ ಖಂಡಿತ, ಇಲ್ಲದಿದ್ದರೆ ಇಲ್ಲ ಎಂದು ಎರಡೂ ಕಡೆಯಿಂದ ಸಾಧಿಸಿದರು. ಮೊದಲು ಒಂದೊಂದೇ ಸಿಕ್ಕುತ್ತಿದ್ದ ನಿಯಮಗಳೆಲ್ಲ ಒಂದೇ ಸೂರಿನ ಕೆಳಗೆ ಬಂದವು. ಹೊಸ ನಿಯಮ ಬರೆಯುವವರಿಗೆ ತಾವು ಎಲ್ಲಿ ನಿಂತಿದ್ದೇವೆ ಎಂಬ ಗುರುತು ಸಿಕ್ಕಿತು. ಲಕ್ಷ್ಮೀವರಾಹನ್ ಮುಂದೆ ಅಮೆರಿಕದ ಒಕ್ಲಹೋಮ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು.

ಪರಿಸರವೇ ಬದಲಾಗುತ್ತಿದ್ದರೆ ಏನು ಎಂಬುದು ನರೇಂದ್ರರೊಂದಿಗೆ 1980ರಲ್ಲಿ ಪ್ರಕಟಿಸಿದ ಲೇಖನದ ವಿಷಯ. ಅದಕ್ಕೆ ಅವರು ತೆಗೆದುಕೊಂಡ ಉದಾಹರಣೆ ದೂರವಾಣಿ ಜಾಲ. ಒಂದು ಊರಿನಿಂದ ಇನ್ನೊಂದು ಊರಿಗೆ ಕರೆ ಸಾಗಿಸಲು ಎರಡು ದಾರಿಗಳಿದ್ದಾಗ, ಒಂದು ದಾರಿ ಚೆನ್ನಾಗಿದೆ ಎಂದು ಎಲ್ಲ ಕರೆಗಳನ್ನೂ ಅದಕ್ಕೇ ತಳ್ಳಿದರೆ ಅದೇ ದಾರಿ ಕಿಕ್ಕಿರಿದು ಕರೆಗಳು ಕಡಿದುಹೋಗುತ್ತವೆ. ಇಲ್ಲಿ ಯಂತ್ರದ ಆಯ್ಕೆಯೇ ಪರಿಸರವನ್ನು ಬದಲಿಸುತ್ತದೆ. ದಂಡಕ್ಕೆ ಪುಟ್ಟ ಹೆಜ್ಜೆ ಇಡುವ ನಿಯಮವನ್ನು ಇಂಥಲ್ಲಿ ಬಿಟ್ಟರೆ, ಎರಡೂ ದಾರಿಗಳಲ್ಲಿ ಕರೆ ಸೋಲುವ ಸಂಭವ ಸಮವಾಗುವ ಕಡೆಗೆ ಅದು ಹೊರೆಯನ್ನು ಹಂಚುತ್ತ ಹೋಗುತ್ತದೆ. ಜಾಲದ ಪೂರ್ತಿ ನಕ್ಷೆ ಯಾರ ಕೈಯಲ್ಲೂ ಇಲ್ಲದೆ, ಕರೆ ಸೇರಿತು ಅಥವಾ ಸೇರಲಿಲ್ಲ ಎಂಬ ಒಂದೇ ಸುದ್ದಿಯಿಂದ ನಡೆಯುವ ಹಂಚಿಕೆ ಇದು.

ಸಣ್ಣ ಹೆಜ್ಜೆ ತರುವ ನಿಧಾನದ ತೊಡಕನ್ನು ತಾತಾಚಾರ್ ಮತ್ತು ಅವರ ವಿದ್ಯಾರ್ಥಿಗಳು ಒಂದೊಂದು ಕಡೆಯಿಂದ ಬಿಡಿಸಿದರು. ಗುರಿ ಹತ್ತಿರವಾದಷ್ಟೂ ಹೆಜ್ಜೆ ಚಿಕ್ಕದಾಗುತ್ತ ಹೋಗುವುದು ಹಳೆಯ ನಿಯಮದ ಗುಣ, ಏಕೆಂದರೆ ಎದುರಾಳಿಯ ಬಳಿ ಕೊಡಲು ಉಳಿದ ಚೀಟಿಗಳೇ ಕಡಿಮೆ. 1979ರಲ್ಲಿ ಬಿ. ಜಾನ್ ಊಮ್ಮನ್ ಜೊತೆಗೆ ಅವರು ಹೆಜ್ಜೆಗಳನ್ನು ಸಮ ಅಳತೆಯ ಮೆಟ್ಟಿಲುಗಳಾಗಿ ಕತ್ತರಿಸಿದರು. ಆಗ ಕೊನೆಯ ಹಾದಿಯೂ ಬೇಗ ಸವೆಯುತ್ತದೆ. ಆಯ್ಕೆಗಳು ನೂರಾರು ಇದ್ದಾಗ ಪ್ರತಿ ಸಲ ಎಲ್ಲವನ್ನೂ ತಿದ್ದುವುದು ಹೊರೆ. 1981ರಲ್ಲಿ ಕೆ.ಆರ್. ರಾಮಕೃಷ್ಣನ್ ಜೊತೆಗೆ ಅವರು ಯಂತ್ರಗಳನ್ನು ಮರದ ಕೊಂಬೆಗಳಂತೆ ಮೇಲೆ ಕೆಳಗೆ ಜೋಡಿಸಿದರು. ನೂರು ಆಯ್ಕೆಗಳನ್ನು ಹತ್ತು ಹತ್ತರ ಹತ್ತು ಗುಂಪು ಮಾಡಿದರೆ, ಮೇಲಿನ ಯಂತ್ರ ಗುಂಪನ್ನು ಆರಿಸುತ್ತದೆ, ಕೆಳಗಿನದು ಗುಂಪಿನೊಳಗಿನ ಆಯ್ಕೆಯನ್ನು. ನೂರು ಸಂಖ್ಯೆಗಳ ಬದಲು ಇಪ್ಪತ್ತನ್ನು ತಿದ್ದಿದರೆ ಸಾಕು.

ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟ ಯೋಚನೆ 1980ರ ದಶಕದ ಮಧ್ಯದಲ್ಲಿ ಬಂತು. ಪಿ.ಎಸ್. ಶಾಸ್ತ್ರಿ ಆಗ ತಾತಾಚಾರ್ ಅವರ ವಿದ್ಯಾರ್ಥಿ, ಮುಂದೆ ಅದೇ ವಿಭಾಗದಲ್ಲಿ ಪ್ರಾಧ್ಯಾಪಕರು. ಹಳೆಯ ಯಂತ್ರಕ್ಕೆ ನೆನಪು ಎಂದರೆ ಚೀಟಿಗಳ ಸಂಖ್ಯೆ ಮಾತ್ರ, ಹಿಂದಿನ ದಿನಗಳ ಲೆಕ್ಕ ಅದರ ಬಳಿ ಇರಲಿಲ್ಲ. ಇಬ್ಬರೂ ಸೇರಿ ಅದರ ಕೈಗೊಂದು ಖಾತೆ ಪುಸ್ತಕ ಕೊಟ್ಟರು. ಬಸ್ಸು ಹತ್ತಿದ್ದು ಹತ್ತು ದಿನ, ಗೆದ್ದದ್ದು ಎಂಟು. ಕ್ರೂಸರ್ ಹತ್ತಿದ್ದು ಆರು ದಿನ, ಗೆದ್ದದ್ದು ಮೂರು. ಇವತ್ತು ಚೀಟಿಯಲ್ಲಿ ಕ್ರೂಸರ್ ಬಂದು, ಅದು ಗೆದ್ದೂಬಿಟ್ಟಿತು ಎನ್ನೋಣ. ಹಳೆಯ ನಿಯಮ ಕ್ರೂಸರಿಗೆ ಚೀಟಿ ಕೊಡುತ್ತಿತ್ತು. ಹೊಸ ಯಂತ್ರ ಖಾತೆ ನೋಡುತ್ತದೆ: ಏಳರಲ್ಲಿ ನಾಲ್ಕು ಗೆಲುವು, ಹತ್ತರಲ್ಲಿ ಎಂಟರ ಮುಂದೆ ಇನ್ನೂ ಕಡಿಮೆಯೇ. ಹಾಗಾಗಿ ಚೀಟಿಗಳನ್ನು ಬಸ್ಸಿನ ಕಡೆಗೇ ಸರಿಸುತ್ತದೆ. ಇವತ್ತಿನ ಒಂದು ಗೆಲುವಿಗೆ ಮರುಳಾಗದೆ, ಈವರೆಗಿನ ಅನುಭವದಲ್ಲಿ ಯಾವುದು ಮುಂದಿದೆಯೋ ಅದರ ಬೆನ್ನು ಹತ್ತುವ ಈ ವಿಧಾನಕ್ಕೆ ಪರ್ಸ್ಯೂಟ್ ಅಲ್ಗಾರಿದಮ್ ಎಂದು ಹೆಸರು. ಹಳೆಯ ನಿಯಮಗಳಿಗಿಂತ ಇದು ಬಹಳ ಬೇಗ ಗುರಿ ಮುಟ್ಟುತ್ತದೆ. ಆದರೆ ಇಲ್ಲೂ ಅವಸರ ಸಲ್ಲದು. ಪ್ರತಿ ಆಯ್ಕೆಯನ್ನೂ ಸಾಕಷ್ಟು ಸಲ ಪರೀಕ್ಷಿಸುವ ಮೊದಲೇ ಚೀಟಿಗಳನ್ನು ಬರಿದು ಮಾಡಿದರೆ ಖಾತೆಯೇ ಸುಳ್ಳು ಹೇಳುತ್ತದೆ. ಸಣ್ಣ ಹೆಜ್ಜೆಯ ನೀತಿ ಇಲ್ಲಿಯೂ ಕಾಯುತ್ತದೆ.

ಒಂಟಿ ಯಂತ್ರ ಇಷ್ಟು ಕಲಿಯಬಲ್ಲದಾದರೆ ಹಲವು ಯಂತ್ರಗಳು ಸೇರಿದಾಗ ಏನಾಗುತ್ತದೆ? ತಾತಾಚಾರ್ ಮತ್ತು ಶಾಸ್ತ್ರಿ ಇದನ್ನು ಆಟದ ಸಿದ್ಧಾಂತಕ್ಕೆ ಒಯ್ದರು. ಹಲವು ಆಟಗಾರರಿದ್ದಾರೆ. ಒಬ್ಬರ ಆಯ್ಕೆ ಇನ್ನೊಬ್ಬರಿಗೆ ಕಾಣುವುದಿಲ್ಲ, ಆಟದ ನಿಯಮವೂ ಗೊತ್ತಿಲ್ಲ, ಎದುರಿಗೆ ಎಷ್ಟು ಜನ ಇದ್ದಾರೆ ಎಂಬುದೂ ಗೊತ್ತಿಲ್ಲ. ತನಗೆ ಎಷ್ಟು ದಕ್ಕಿತು ಎಂಬುದಷ್ಟೇ ಪ್ರತಿಯೊಬ್ಬರಿಗೂ ತಿಳಿಯುತ್ತದೆ. ಪ್ರತಿಯೊಬ್ಬರೂ ಮೇಲೆ ಹೇಳಿದಂಥ ಸರಳ ನಿಯಮ ಹಿಡಿದು ಚೀಟಿ ತಿದ್ದಿಕೊಳ್ಳುತ್ತ ಹೋದರೆ ಕೊನೆಗೆ ಎಲ್ಲಿ ನಿಲ್ಲುತ್ತಾರೆ? 1994ರಲ್ಲಿ ಶಾಸ್ತ್ರಿ, ಫನ್ಸಾಲ್ಕರ್ ಮತ್ತು ತಾತಾಚಾರ್ ಈ ಪ್ರಶ್ನೆಗೆ ಉತ್ತರ ಪ್ರಕಟಿಸಿದರು. ಹೆಜ್ಜೆ ಸಣ್ಣದಿದ್ದಾಗ ಇಡೀ ಗುಂಪಿನ ನಡೆಯನ್ನು ಒಂದು ಅವಕಲ ಸಮೀಕರಣದ ಮೂಲಕ ಅಳೆಯಬಹುದು. ಆ ಸಮೀಕರಣದ ಗಟ್ಟಿಯಾದ ನಿಲುಗಡೆಗಳು ನ್ಯಾಶ್ ಸಮತೋಲನಗಳೇ ಆಗಿರುತ್ತವೆ. ತಾನೊಬ್ಬನೇ ಆಯ್ಕೆ ಬದಲಿಸಿದರೆ ಯಾರಿಗೂ ಲಾಭವಿಲ್ಲದ ಸ್ಥಿತಿ ಅದು. ಇದೇ ತಿಳಿವಳಿಕೆಯಿಂದ ಅವರು ಚಿತ್ರ, ಸಂಕೇತಗಳನ್ನು ಗುರುತಿಸಿ ವಿಂಗಡಿಸುವ ಯಂತ್ರಗಳನ್ನೂ ಕಟ್ಟಿದರು. ವಿಂಗಡಣೆಯ ಸೂತ್ರದಲ್ಲಿ ಹತ್ತು ಸಂಖ್ಯೆ ಬೇಕಿದ್ದರೆ ಹತ್ತು ಕಲಿಯುವ ಯಂತ್ರಗಳು, ಒಂದೊಂದು ಸಂಖ್ಯೆ ಒಂದೊಂದರ ಪಾಲು, ಎಲ್ಲಕ್ಕೂ ಒಂದೇ ಬಹುಮಾನ. ಈ ಕೂಟಗಳ ಸಮಗ್ರ ವಿವರಣೆಯಾಗಿ ತಾತಾಚಾರ್ ಮತ್ತು ಶಾಸ್ತ್ರಿ ಅವರ ಪುಸ್ತಕ 2004ರಲ್ಲಿ ಹೊರಬಂತು.

ಇವತ್ತಿನ ಸುದ್ದಿಯಲ್ಲಿರುವ ಕೃತಕ ಬುದ್ಧಿಮತ್ತೆಗೂ ಇದಕ್ಕೂ ಏನು ನಂಟು ಎಂದು ವಿದ್ಯಾರ್ಥಿಗಳು ಕೇಳುವುದು ಸಹಜ. ನಂಟು ಹತ್ತಿರದ್ದೇ. ಪರಿಸರದಿಂದ ಬಹುಮಾನ ಪಡೆಯುತ್ತ ಕಲಿಯುವ ರೀಇನ್‌ಫೋರ್ಸ್‌ಮೆಂಟ್ ಲರ್ನಿಂಗ್ ಶಾಸ್ತ್ರವನ್ನು ಕಟ್ಟಿದ ಆಂಡ್ರ್ಯೂ ಬಾರ್ಟೊ ಮತ್ತು ರಿಚರ್ಡ್ ಸಟನ್ ಅವರಿಗೆ 2024ರ ಟ್ಯೂರಿಂಗ್ ಪ್ರಶಸ್ತಿ ಸಂದಿತು. ಅದೇ ಬಾರ್ಟೊ 1985ರಲ್ಲಿ ಪಿ. ಆನಂದನ್ ಜೊತೆಗೆ ಲರ್ನಿಂಗ್ ಆಟೊಮೇಟಾವನ್ನು ವಿಸ್ತರಿಸಿ, ಸಂಕೇತಗಳನ್ನು ಗುರುತಿಸಲು ಕಲಿಯುವ ವಿಧಾನ ಬರೆದಿದ್ದರು. 1992ರಲ್ಲಿ ರೊನಾಲ್ಡ್ ವಿಲಿಯಮ್ಸ್ ಪ್ರಕಟಿಸಿದ ರೀಇನ್‌ಫೋರ್ಸ್ ಎಂಬ ವಿಧಾನ ಇಂದಿನ ಪಾಲಿಸಿ ಗ್ರೇಡಿಯಂಟ್ ವಿಧಾನಗಳ ಮೂಲಗಳಲ್ಲೊಂದು. ಆಯ್ಕೆ ಎರಡೇ ಇದ್ದು, ಬಹುಮಾನ ಸೊನ್ನೆ ಅಥವಾ ಒಂದು ಆಗಿದ್ದು, ಹೆಜ್ಜೆಯನ್ನು ತಕ್ಕಂತೆ ಆರಿಸಿದರೆ ನಾವು ಮೇಲೆ ನೋಡಿದ ಚೀಟಿಯ ನಿಯಮ ಅದರದೇ ಒಂದು ವಿಶೇಷ ರೂಪ ಎಂದು ವಿಲಿಯಮ್ಸ್ ತೋರಿಸಿದ್ದಾರೆ. ಮನುಷ್ಯರ ಮೆಚ್ಚುಗೆಯನ್ನು ಬಹುಮಾನವಾಗಿಟ್ಟು ಭಾಷಾ ಮಾದರಿಗಳನ್ನು ತಿದ್ದುವ ವಿಧಾನಗಳಲ್ಲೂ ಗೆದ್ದ ಉತ್ತರದ ಸಂಭವನೀಯತೆಯನ್ನು ಅಳತೆಯಿಂದ ಏರಿಸುವ ಕೆಲಸ ನಡೆಯುತ್ತದೆ. ಅಲ್ಲಿಯೂ ಹೆಜ್ಜೆ ದೊಡ್ಡದಾದರೆ ಮಾದರಿ ಹದಗೆಡುತ್ತದೆ. ನಾರ್ವೆಯ ಒಲೆ-ಕ್ರಿಸ್ಟೋಫರ್ ಗ್ರಾನ್ಮೊ 2018ರಲ್ಲಿ ಟ್ಸೆಟ್ಲಿನ್ ಯಂತ್ರಗಳನ್ನೇ ಗುಂಪುಗೂಡಿಸಿ ಹೊಸ ಬಗೆಯ ಕಲಿಕೆಯ ವಿಧಾನ ಕಟ್ಟಿದ್ದಾರೆ. ಹಳೆಯ ಬೇರು ಇನ್ನೂ ಚಿಗುರುತ್ತಿದೆ.

ತಾತಾಚಾರ್ ಅವರ ವೃತ್ತಿಜೀವನದಲ್ಲಿ ನನಗೆ ಅತಿ ದೊಡ್ಡದಾಗಿ ಕಾಣುವುದು ಅವರು ಪ್ರಶ್ನೆಯನ್ನು ಬಿಡದೆ ಹಿಡಿದ ಬಗೆ. ನಿಯಂತ್ರಣ ಶಾಸ್ತ್ರದಿಂದ ಬಂದ ಅವರು, ಯಂತ್ರ ಕಲಿಯುವಂತೆ ಕಾಣುತ್ತಿದೆ ಎಂಬಲ್ಲಿಗೆ ನಿಲ್ಲಲಿಲ್ಲ. ಯಾವ ಷರತ್ತಿನಲ್ಲಿ ಕಲಿಯುತ್ತದೆ, ಎಷ್ಟು ಬೇಗ, ತಪ್ಪುವ ಸಂಭವ ಎಷ್ಟು, ಆ ಸಂಭವವನ್ನು ಇಳಿಸಲು ಏನು ಕೊಡಬೇಕು ಎಂದು ಒಂದೊಂದಕ್ಕೂ ಉತ್ತರ ಹುಡುಕಿದರು. ಜೊತೆಗೆ ದುಡಿದ ವಿದ್ಯಾರ್ಥಿಗಳು ಅದೇ ಪ್ರಶ್ನೆಗಳನ್ನು ಬೆಂಗಳೂರಿನಲ್ಲಿ, ಅಮೆರಿಕ ಕೆನಡಾಗಳಲ್ಲಿ ಮುಂದುವರಿಸಿದರು. ಐಇಇಇ ಸಂಸ್ಥೆ ಮತ್ತು ನಮ್ಮ ದೇಶದ ವಿಜ್ಞಾನ ಅಕಾಡೆಮಿಗಳು ತಾತಾಚಾರ್ ಅವರನ್ನು ಫೆಲೋ ಆಗಿ ಆರಿಸಿ ಗೌರವಿಸಿವೆ. ಯಂತ್ರಗಳು ನಮ್ಮ ಪರವಾಗಿ ನಿರ್ಧಾರ ತೆಗೆದುಕೊಳ್ಳುತ್ತಿರುವ ಈ ಕಾಲದಲ್ಲಿ, ಇದು ತಪ್ಪುವ ಸಂಭವ ಎಷ್ಟು ಎಂದು ಮೊದಲೇ ಲೆಕ್ಕ ಹಾಕಿ ಹೇಳುವ ಪದ್ಧತಿಗಿಂತ ದೊಡ್ಡ ಕೊಡುಗೆ ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ.

ನಮ್ಮ ಜಿಲ್ಲೆಯ ವಿದ್ಯಾರ್ಥಿಗಳಿಗೆ ನನ್ನದೊಂದು ಮಾತು. ಈ ವಿದ್ಯೆ ಕಲಿಯಲು ದುಬಾರಿ ಕಂಪ್ಯೂಟರ್ ಬೇಕಿಲ್ಲ. ಸಾಧಾರಣ ಲ್ಯಾಪ್‌ಟಾಪಿನಲ್ಲಿ ಇಪ್ಪತ್ತು ಸಾಲಿನ ಪ್ರೋಗ್ರಾಂ ಬರೆದರೆ ಬಸ್ಸು ಮತ್ತು ಕ್ರೂಸರಿನ ಆಟ ಸಿದ್ಧವಾಗುತ್ತದೆ. ಹೆಜ್ಜೆಯನ್ನು 0.5ಕ್ಕೆ ಇಟ್ಟು ಸಾವಿರ ಸಲ ಓಡಿಸಿ, ಎಷ್ಟು ಸಲ ಯಂತ್ರ ಕ್ರೂಸರಿಗೆ ಅಂಟಿಕೊಂಡಿತು ಎಂದು ಎಣಿಸಿ. 0.1, 0.01 ಎಂದು ಇಳಿಸುತ್ತ ಹೋಗಿ, ಎಣಿಕೆ ಹೇಗೆ ಇಳಿಯುತ್ತದೆ, ದಿನಗಳು ಹೇಗೆ ಹೆಚ್ಚುತ್ತವೆ ಎಂದು ಪಟ್ಟಿ ಮಾಡಿ. ನಡುವೆ ಒಂದು ದಿನ ಬಸ್ಸಿನ ಮತ್ತು ಕ್ರೂಸರಿನ ಯಶಸ್ಸನ್ನು ಅದಲುಬದಲು ಮಾಡಿ, ಯಾವ ನಿಯಮ ಚೇತರಿಸಿಕೊಳ್ಳುತ್ತದೆ ನೋಡಿ. ಆ ಪಟ್ಟಿ ಕೈಯಲ್ಲಿ ಹಿಡಿದು 1974ರ ಸಮೀಕ್ಷೆಯನ್ನು ಓದಲು ಕೂತರೆ, ಅದರ ಸೂತ್ರಗಳು ನೀವು ಕಣ್ಣಾರೆ ಕಂಡದ್ದನ್ನೇ ಹೇಳುತ್ತಿರುತ್ತವೆ. ಅಲ್ಲಿಂದ ಮುಂದಕ್ಕೆ ಇನ್ನೂ ಬಿಡಿಸಬೇಕಾದ ಪ್ರಶ್ನೆಗಳು ಬೇಕಾದಷ್ಟಿವೆ, ಬೀದರ ಜಿಲ್ಲೆಯಲ್ಲಿ ಕೂತು ಬಿಡಿಸಲು ಯಾವ ಅಡ್ಡಿಯೂ ಇಲ್ಲ.